ರಿಪೇರಿಯಾದ ಇಂಜಿನ್: ಬಾಣಂತಿಯೋ, ಹೊಸ ಕಾವಲಿಯೋ?

ಹೊಸ ಕಬ್ಬಿಣದ ಕಾವಲಿ ತಂದ ದಿನವೇ ನೀರುದೋಸೆ ಹೊಯ್ದು ನೋಡಿ, ಒಂದೂ ನೆಟ್ಟಗೆ ಏಳುವುದಿಲ್ಲ. ಎಣ್ಣೆ ಸವರಬೇಕು, ಕಾಯಿಸಬೇಕು, ಒರೆಸಬೇಕು, ಮತ್ತೆ ಕಾಯಿಸಬೇಕು. ಒಮ್ಮೆ ಪಳಗಿತೆಂದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ ಕೂರಿಸಿದ ಹಳೆಯ ಕಾರಿನ ಇಂಜಿನ್ನಿಗೂ ಇದೇ ಮಾತು. ಆದರೆ ನಮ್ಮಲ್ಲಿ ಅದನ್ನು ಬಾಣಂತಿಯ ಹಾಗೆ ನೋಡಿಕೊಳ್ಳುವವರೇ ಹೆಚ್ಚು: ಏರು ಹತ್ತಬಾರದು, ಬಿಸಿಯಾಗಬಾರದು, ಜೋರು ಮಾಡಬಾರದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಹಳೆಯ ಕಾರಿನ ಮೋಹ ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹಾಲಯವೇ ಇದೆ. ಅದನ್ನು ನೋಡಿ ಬಂದವರಿಗೆ ಮನೆಯ ಶೆಡ್ಡಿನಲ್ಲಿ ಅಡಿಕೆ ಗೋಣಿಗಳ ನಡುವೆ ನಿಂತಿರುವ ಅಜ್ಜನ ಅಂಬಾಸಿಡರ್ ನೆನಪಾಗುವುದು ಸಹಜ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿ ನಿಲ್ಲಿಸಿತು. ಹಾಗಾಗಿ ಇದ್ದ ಇಂಜಿನ್ನನ್ನೇ ಮತ್ತೆ ಕಟ್ಟಿಸಬೇಕು. ಕಟ್ಟಿಸಿದ ಮೇಲೆ ಮೊದಲ ಕೆಲವು ಗಂಟೆಗಳಲ್ಲಿ ತಪ್ಪಿದರೆ ಖರ್ಚು ಮಾಡಿದ ಹಣ ಹೊಗೆಯಾಗಿ ಹೋಗುತ್ತದೆ. ಕೇಳಿಬರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: ಇಂಜಿನ್ ಟೈಟ್ ಇದ್ದಷ್ಟು ಒಳ್ಳೆಯದು, ಓಡುತ್ತಾ ಸಡಿಲಾಗುತ್ತದೆ.

ಸತ್ಯ: ಬಿಸಿಯಾದ ಲೋಹ ಹಿಗ್ಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್, ಕಬ್ಬಿಣದ ಬೋರಿಗಿಂತ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಬೇಕಾದ ಜಾಗವನ್ನು ಬೋರಿಂಗ್ ಅಂಗಡಿಯಲ್ಲೇ ಅಳೆದು ಬಿಡಬೇಕು, ಇಲ್ಲವಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪಿಗೆ ಗರಾಜುಗಳ ಸಾಮಾನ್ಯ ಲೆಕ್ಕ, ಬೋರಿನ ಒಂದು ಇಂಚಿಗೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು. 1489 ಸಿಸಿ ಅಂಬಾಸಿಡರ್ ಇಂಜಿನ್ನಿನ ಬೋರ್ ಸುಮಾರು 73 ಮಿಲಿಮೀಟರ್. ಅಂದರೆ ಗ್ಯಾಪ್ ಸುಮಾರು 0.3 ಮಿಲಿಮೀಟರ್ ಬರುತ್ತದೆ. ರಿಂಗನ್ನು ಬೋರಿನೊಳಗೆ ಇಳಿಸಿ ಫೀಲರ್ ಗೇಜಿನಿಂದ ಅಳೆದು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ನಂಬಿಕೆ: ಕೂರಿಸಿದ ಮೇಲೆ ಸೆಲ್ಫ್ ಹೊಡೆಯುತ್ತಾ ಇದ್ದರೆ ಸ್ಟಾರ್ಟ್ ಆಗುತ್ತದೆ. ಆಗದಿದ್ದರೆ ನಾಲ್ಕು ಜನ ತಳ್ಳಿದರಾಯಿತು.

ಸತ್ಯ: ಹೊಸ ಇಂಜಿನ್ನಿನ ಅತಿ ಅಪಾಯದ ಹೊತ್ತು ಇದೇ. ಜೋಡಿಸುವಾಗ ಕ್ಯಾಮ್ ಶಾಫ್ಟಿಗೆ ಸವರಿದ ಗ್ರೀಸು, ಸುಮ್ಮನೆ ತಿರುಗಿಸಿದಷ್ಟೂ ಒರೆಸಿಹೋಗುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆಯಿಲ್ ಫಿಲ್ಟರಿಗೆ ಸಾಧ್ಯವಾದಷ್ಟು ಆಯಿಲ್ ತುಂಬಿಸಿ, ಗೇಜಿನಲ್ಲಿ ಪ್ರೆಶರ್ ಕಾಣುವ ತನಕ ಮಾತ್ರ ತಿರುಗಿಸಬೇಕು. ಪ್ಲಗ್ ಇಲ್ಲದಿದ್ದರೆ ಕಂಪ್ರೆಶನ್ ಇರುವುದಿಲ್ಲ, ಬೇರಿಂಗಿನ ಮೇಲೆ ಭಾರವೂ ಬೀಳುವುದಿಲ್ಲ. ಡಿಸ್ಟ್ರಿಬ್ಯೂಟರ್ ಟೈಮಿಂಗ್, ಕಾರ್ಬುರೇಟರಿನಲ್ಲಿ ಪೆಟ್ರೋಲ್, ರೇಡಿಯೇಟರಿನಲ್ಲಿ ನೀರು, ಎಲ್ಲವನ್ನೂ ನೋಡಿಕೊಂಡ ಮೇಲೆ ಪ್ಲಗ್ ಹಾಕಿದರೆ ಇಂಜಿನ್ ಬೇಗನೆ ಹಿಡಿಯುತ್ತದೆ.

ನಂಬಿಕೆ: ಸ್ಟಾರ್ಟ್ ಆದ ಮೇಲೆ ಅರ್ಧ ಗಂಟೆ ಸ್ಲೋ ಐಡಲಿನಲ್ಲಿ ಬಿಡಬೇಕು.

ಸತ್ಯ: ಅಂಬಾಸಿಡರ್, ಪದ್ಮಿನಿಯಂಥ ಕಾರುಗಳಲ್ಲಿ ಕ್ಯಾಮ್ ಶಾಫ್ಟ್ ಬ್ಲಾಕಿನೊಳಗಿದೆ. ಟ್ಯಾಪೆಟ್ಟಿನ ಚಪ್ಪಟೆ ತಳ ಅದರ ಮೇಲೆ ಉಜ್ಜಿಕೊಂಡು ಓಡುತ್ತದೆ. ಆ ಜಾಗಕ್ಕೆ ಹೆಚ್ಚಿನ ಆಯಿಲ್ ಸಿಗುವುದು, ತಿರುಗುವ ಕ್ರ್ಯಾಂಕ್ ಎರಚಿದಾಗ. ಐಡಲಿನಲ್ಲಿ ಎರಚಾಟ ಕಡಿಮೆ. ಆದ್ದರಿಂದ ಹೊಸ ಕ್ಯಾಮ್, ಟ್ಯಾಪೆಟ್ ಹಾಕಿದ್ದರೆ ಮೊದಲ 20 ನಿಮಿಷ 1500ರಿಂದ 2500 ಆರ್‌ಪಿಎಂ ನಡುವೆ ಏರಿಸುತ್ತಾ ಇಳಿಸುತ್ತಾ ಓಡಿಸಬೇಕು. ಕಣ್ಣು ಟೆಂಪರೇಚರ್ ಮತ್ತು ಆಯಿಲ್ ಪ್ರೆಶರ್ ಮೇಲಿರಲಿ. ಪ್ರೆಶರ್ ಬಿದ್ದರೆ ಆ ಕ್ಷಣವೇ ಆಫ್ ಮಾಡಿ.

ನಂಬಿಕೆ: ಸಾವಿರ ಕಿಲೋಮೀಟರ್ ಆಗುವ ತನಕ ನಲವತ್ತರಲ್ಲೇ ಹೋಗಬೇಕು.

ಸತ್ಯ: ಬಾಣಂತಿ ಆರೈಕೆ ಇಂಜಿನ್ನನ್ನು ಹಾಳು ಮಾಡುವುದು ಇಲ್ಲೇ. ಹೋನಿಂಗ್ ಮಾಡಿದ ಬೋರಿನ ಗೋಡೆಯಲ್ಲಿ ಅಡ್ಡಡ್ಡ ಸಣ್ಣ ಗೀರುಗಳಿರುತ್ತವೆ, ಉಳಿಪೆಟ್ಟು ಹಾಕಿಸಿದ ಅರೆಯುವ ಕಲ್ಲಿನ ಹಾಗೆ. ಗೀರಿನಲ್ಲಿ ಆಯಿಲ್ ನಿಲ್ಲುತ್ತದೆ, ಅದರ ಏಣುಗಳು ರಿಂಗಿನೊಂದಿಗೆ ಸವೆದು ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ಪ್ರಿಂಗ್ ಗುಣವೊಂದೇ ಅಲ್ಲ. ಉರಿಯುವ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ದೂಡುತ್ತದೆ. ಎಕ್ಸಿಲರೇಟರ್ ಒತ್ತದಿದ್ದರೆ ಆ ಒತ್ತಡ ಸಾಲುವುದಿಲ್ಲ. ಆಗ ಗೀರುಗಳ ಮೇಲೆ ಸುಟ್ಟ ಆಯಿಲಿನ ಪದರ ಕೂತು ಗೋಡೆ ಗಾಜಿನಂತೆ ನುಣುಪಾಗುತ್ತದೆ. ಆಮೇಲೆ ಎಷ್ಟು ಓಡಿಸಿದರೂ ರಿಂಗ್ ಹೊಂದಿಕೊಳ್ಳುವುದಿಲ್ಲ, ಆಯಿಲ್ ಕುಡಿಯುವ ಚಟ ಬಿಡುವುದೂ ಇಲ್ಲ.

ಇದಕ್ಕೆ ನಮ್ಮ ರಸ್ತೆಗಳೇ ಒಳ್ಳೆಯ ಮದ್ದು. ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಗುರುವಾಯನಕೆರೆಗೆ, ಇಲ್ಲವೇ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋಗುವಾಗ ಏರು, ಇಳಿಜಾರು, ತಿರುವು ಬರುತ್ತಲೇ ಇರುತ್ತವೆ. ಇಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆ ನೋಡಿ, ಮೂರನೇ ಗೇರಿನಲ್ಲಿ 30ರಿಂದ 50ರ ತನಕ ಮುಕ್ಕಾಲು ಎಕ್ಸಿಲರೇಟರ್ ಕೊಟ್ಟು ಎಳೆಯಿರಿ. ಅನಂತರ ಕಾಲು ತೆಗೆದು ಗೇರಿನಲ್ಲೇ ವೇಗ ಇಳಿಯಲು ಬಿಡಿ. ಹೀಗೆ ಹತ್ತಾರು ಸಲ ಮಾಡಿ. ಕಾಲು ತೆಗೆದಾಗ ಬೋರಿನಲ್ಲಿ ಎಳೆತ ಹುಟ್ಟಿ, ಮೇಲೆ ಬಂದ ಆಯಿಲ್ ರಿಂಗುಗಳನ್ನು ತೊಳೆದು ತಂಪು ಮಾಡುತ್ತದೆ. ಮಾಡಬಾರದ್ದು ಮೂರು: ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದು, ಟಾಪ್ ಗೇರಿನಲ್ಲೇ ಮುಕ್ಕಿರಿಸುತ್ತಾ ಏರು ಹತ್ತಿಸುವುದು, ಕಾರು ತುಂಬ ಜನ ಹಾಕಿಕೊಂಡು ಮೊದಲ ವಾರವೇ ಚಾರ್ಮಾಡಿ ಘಾಟಿಗೆ ಹೊರಡುವುದು.

ನಂಬಿಕೆ: ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿದರೆ ಇಂಜಿನ್ನಿಗೆ ಶ್ರೇಷ್ಠ.

ಸತ್ಯ: ಪಳಗಿದ ಮೇಲೆ ನಿಮ್ಮಿಷ್ಟ. ಪಳಗಿಸುವಾಗ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಗ್ರೇಡಿನ, 20ಡಬ್ಲ್ಯು-50ರಂಥ, ಮಿನರಲ್ ಆಯಿಲ್ ಸಾಕು. ಈಗಿನ ಪೆಟ್ರೋಲ್ ಕಾರುಗಳ ತೆಳು ಆಯಿಲುಗಳಲ್ಲಿ ಸತು ಮತ್ತು ರಂಜಕದ ಅಂಶವನ್ನು ಕಡಿಮೆ ಮಾಡಿದ್ದಾರೆ, ಅದು ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು. ಹಳೆಯ ಕಾರಿನಲ್ಲಿ ಕನ್ವರ್ಟರ್ ಇಲ್ಲ, ಉಜ್ಜಾಡುವ ಟ್ಯಾಪೆಟ್ ಇದೆ. ಅದಕ್ಕೆ ಸತು (ಜಿಂಕ್) ಹೆಚ್ಚಿರುವ ಆಯಿಲ್ ಬೇಕು. ಕ್ಯಾಮಿನ ಮೊದಲ ಓಟ ಮುಗಿದ ಮೇಲೆ ಒಮ್ಮೆ, 500 ಕಿಲೋಮೀಟರಿಗೆ ಇನ್ನೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಸವೆದ ಲೋಹದ ಪುಡಿಯೆಲ್ಲ ಅದರಲ್ಲಿರುತ್ತದೆ.

ನಂಬಿಕೆ: ನಮ್ಮ ಸೆಕೆಗೆ ಥರ್ಮೋಸ್ಟ್ಯಾಟ್ ಬೇಡ, ಕಿತ್ತು ಬಿಸಾಡಿ. ರೇಡಿಯೇಟರಿಗೆ ಬಾವಿ ನೀರು ಸಾಕು.

ಸತ್ಯ: ಥರ್ಮೋಸ್ಟ್ಯಾಟ್ ಇಂಜಿನ್ನನ್ನು ಬೇಗ ಬಿಸಿಗೆ ತಂದು ಅಲ್ಲೇ ನಿಲ್ಲಿಸುತ್ತದೆ. ತಣ್ಣಗೆ ಓಡುವ ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಬೋರಿನ ಆಯಿಲನ್ನು ತೊಳೆಯುತ್ತದೆ. ಕಾರು ವಿಪರೀತ ಕಾಯುತ್ತಿದ್ದರೆ ತಪ್ಪು ರೇಡಿಯೇಟರಿನಲ್ಲೋ, ಬ್ಲಾಕಿನೊಳಗಿನ ಕೆಸರಿನಲ್ಲೋ, ಟೈಮಿಂಗಿನಲ್ಲೋ ಇದೆ. ಮುರಕಲ್ಲಿನ ನೆಲದ ಬಾವಿ ನೀರು ಎಷ್ಟೋ ಕಡೆ ಹುಳಿ ಗುಣದ್ದು, ಕಬ್ಬಿಣಕ್ಕೆ ಒಳ್ಳೆಯದಲ್ಲ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಿ.

ನಂಬಿಕೆ: ಮೊದಲ ದಿನ ನೀಲಿ ಹೊಗೆ ಬಂದರೆ ಕೆಲಸ ಕೆಟ್ಟಿತು.

ಸತ್ಯ: ಜೋಡಿಸುವಾಗ ಹಾಕಿದ ಆಯಿಲ್ ಉರಿದು ಸ್ವಲ್ಪ ಹೊತ್ತು ಹೊಗೆ ಬರುತ್ತದೆ. ಕೆಲವು ನೂರು ಕಿಲೋಮೀಟರ್ ಕಳೆದರೂ ನಿಲ್ಲದಿದ್ದರೆ ಮೆಕ್ಯಾನಿಕ್ಕನ್ನು ಕೇಳಿ.

ನಂಬಿಕೆ: ಮಳೆಗಾಲದಲ್ಲಿ ಕಾರು ತೆಗೆಯದಿದ್ದರೂ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು.

ಸತ್ಯ: ಐದು ನಿಮಿಷದಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗದು. ಉರಿಯುವಾಗ ಹುಟ್ಟಿದ ನೀರಿನಾವಿ ಒಳಗೇ ತಣಿದು ಆಯಿಲಿಗೆ ಸೇರುತ್ತದೆ. ಹೊರಗಿನ ತೇವವಂತೂ ಇದ್ದೇ ಇದೆ. ಜತೆಗೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20ರ ತನಕ ಎಥೆನಾಲ್ ಬೆರೆತ ಪೆಟ್ರೋಲ್. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮನ್ನು ತಿನ್ನುತ್ತದೆ. ಇಂಜಿನ್ ಬಿಚ್ಚಿದಾಗಲೇ ಇವನ್ನು ಬದಲಿಸುವುದು ಜಾಣತನ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಎಕ್ಸಾಸ್ಟ್ ವಾಲ್ವ್ ಸೀಟುಗಳಿಗೆ ಸೀಸದ ರಕ್ಷಣೆ ಹೋಯಿತು, ಆದ್ದರಿಂದ ಇಂಜಿನ್ ಬಿಚ್ಚಿದಾಗಲೇ ಗಟ್ಟಿ ಸೀಟನ್ನೂ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯಾದರೂ ರಸ್ತೆಗೆ ಇಳಿಸಿ. ಆಗದಿದ್ದರೆ ಸುಮ್ಮನೆ ಬಿಡುವುದೇ ಮೇಲು.

500 ಕಿಲೋಮೀಟರಿನ ಆಯಿಲ್ ಬದಲಾವಣೆಯ ದಿನವೇ, ಮ್ಯಾನ್ಯುಯಲ್ ಹೇಳಿದ ರೀತಿಯಲ್ಲಿ ಹೆಡ್ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿಸಿ, ಟ್ಯಾಪೆಟ್ ಗ್ಯಾಪ್ ಸರಿಮಾಡಿಸಿ. ಪ್ರತಿ ನೂರು ಕಿಲೋಮೀಟರಿಗೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟವನ್ನು ಡೈರಿಯಲ್ಲಿ ಬರೆದಿಡಿ. ಇಳಿಯುತ್ತಿದ್ದ ಮಟ್ಟ ಒಂದು ಹದಕ್ಕೆ ಬಂದು ನಿಂತ ದಿನ ರಿಂಗ್ ಕೂತಿದೆ, ಇಂಜಿನ್ ಪಳಗಿದೆ. ಚಾರ್ಮಾಡಿ ಹತ್ತುವುದಿದ್ದರೆ ಆಮೇಲೆ ಹತ್ತಿ.