ಮೂರನೇ ದರ್ಜೆಯ ಪಂದ್ಯಕ್ಕೆ ಮೂವತ್ತು ಸಾವಿರ ಮಂದಿ

2016ರ ಅಕ್ಟೋಬರ್ 2ರಂದು ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ನೋಡಲು ಬಂದವರು 30,187 ಮಂದಿ. ಯುರೋಪಿನ ಹೆಸರಾಂತ ಕ್ಲಬ್ ಯಾವುದೂ ಅಂದು ಆಡುತ್ತಿರಲಿಲ್ಲ. ಅದು ಆ ದೇಶದ ಮೂರನೇ ದರ್ಜೆಯ ಲೀಗಿನ ಪಂದ್ಯ. ಅತಿಥಿಯಾಗಿ ಬಂದದ್ದು ಚಾರ್ಲ್‌ಸ್ಟನ್ ಬ್ಯಾಟರಿ ತಂಡ. ಆತಿಥೇಯ ಎಫ್‌ಸಿ ಸಿನ್ಸಿನಾಟಿ ಹುಟ್ಟಿ ಇನ್ನೂ ಹದಿನಾಲ್ಕು ತಿಂಗಳು ತುಂಬಿರಲಿಲ್ಲ. ಇಷ್ಟೆಲ್ಲ ಜನ ಸೇರಿ ಕೂಗಿದರೂ ಅದು ಸೋತಿತು, ಅದು ಬೇರೆ ಮಾತು.

ಮೂರನೇ ದರ್ಜೆ ಎಂದರೆ ಎಷ್ಟು ಸಣ್ಣದು ಎಂಬುದಕ್ಕೆ ಅಮೆರಿಕದ ಫುಟ್‌ಬಾಲ್ ಒಕ್ಕೂಟದ ನಿಯಮಗಳನ್ನೇ ನೋಡಬಹುದು. ಮೊದಲ ದರ್ಜೆಯ ತಂಡಕ್ಕೆ ಕನಿಷ್ಠ 15,000 ಜನ ಹಿಡಿಸುವ ಕ್ರೀಡಾಂಗಣ ಬೇಕು, ಮುಖ್ಯ ಮಾಲೀಕರಿಗೆ 4 ಕೋಟಿ ಡಾಲರ್ ಆಸ್ತಿ ಇರಬೇಕು. ಎರಡನೇ ದರ್ಜೆಗೆ 5,000 ಆಸನ, 2 ಕೋಟಿ ಡಾಲರ್. ಮೂರನೆಯದಕ್ಕೆ 1 ಕೋಟಿ ಡಾಲರಿನ ಆಸಾಮಿ, ಎರಡೂವರೆ ಲಕ್ಷ ಡಾಲರ್ ಠೇವಣಿ, ಮತ್ತು ಬರೀ 1,000 ಆಸನ ಸಾಕು. ನಿಯಮ ಕೇಳಿದ್ದು ಸಾವಿರ, ಬಂದದ್ದು ಮೂವತ್ತು ಸಾವಿರ. ಮದುವೆಗೆ ನೂರು ಎಲೆ ಹಾಕಿಸಿದವನ ಮನೆಗೆ ಮೂರು ಸಾವಿರ ಮಂದಿ ಉಣ್ಣಲು ಬಂದ ಹಾಗೆ.

ಊರಾದರೂ ದೊಡ್ಡದೇ? 1950ರಲ್ಲಿ ಸಿನ್ಸಿನಾಟಿಯ ಜನಸಂಖ್ಯೆ 5,03,998 ಇತ್ತು. 2010ರ ಹೊತ್ತಿಗೆ ಅದು 2,96,943ಕ್ಕೆ ಇಳಿದಿತ್ತು, ಅಂದರೆ ನಮ್ಮ ಶಿವಮೊಗ್ಗಕ್ಕಿಂತ ತುಸು ಕಡಿಮೆ. ಲೆಕ್ಕಕ್ಕೆ ಊರಿನ ಹತ್ತರಲ್ಲೊಬ್ಬರು ಮೈದಾನದಲ್ಲಿದ್ದರು. ಸುತ್ತಲಿನ ಉಪನಗರಗಳನ್ನು ಸೇರಿಸಿದರೆ ಜನ 20 ಲಕ್ಷ ದಾಟುತ್ತಾರೆ, ಬಹಳಷ್ಟು ಮಂದಿ ಅಲ್ಲಿಂದಲೇ ಕಾರು ಹತ್ತಿ ಬಂದಿರಬೇಕು. ಆದರೂ ಅವರಿಗೆ ಆಟಕ್ಕೇನೂ ಬರವಿರಲಿಲ್ಲ. 1869ರಲ್ಲಿ ದೇಶದ ಮೊದಲ ಪೂರ್ಣ ವೃತ್ತಿಪರ ಬೇಸ್‌ಬಾಲ್ ತಂಡ ಕಟ್ಟಿದ್ದು ಇದೇ ಊರು. ಅಮೆರಿಕನ್ ಫುಟ್‌ಬಾಲ್‌ಗೆ ಬೆಂಗಲ್ಸ್ ತಂಡವಿದೆ. ನಮ್ಮ ಫುಟ್‌ಬಾಲ್‌ಗೆ ಅಲ್ಲಿ ಸಾಕರ್ ಎಂದು ಹೆಸರು; ಅದರ ತಂಡಗಳು ಹಿಂದೆಯೂ ಬಂದಿದ್ದವು, ಯಾರಿಗೂ ಸುಳಿವು ಕೊಡದೆ ಹೋಗಿದ್ದವು.

ಹಾಗಿರುವಾಗ 2015ರ ಆಗಸ್ಟ್ 12ರಂದು ಹೊಸ ಕ್ಲಬ್ಬಿನ ಘೋಷಣೆಯಾಯಿತು. ದುಡ್ಡು ಊರಿನ ಸಿರಿವಂತ ಉದ್ಯಮಿ ಕಾರ್ಲ್ ಲಿಂಡ್ನರ್ ಮತ್ತು ಸಂಗಡಿಗರದು. ಓಡಾಟ ಜೆಫ್ ಬರ್ಡಿಂಗ್ ಅವರದು. ಆತ ಬೆಂಗಲ್ಸ್ ತಂಡದಲ್ಲಿ ಟಿಕೆಟ್ ಮಾರಿ ಪಳಗಿದವರು, ನಗರಸಭೆಯ ಸದಸ್ಯರೂ ಆಗಿದ್ದವರು. ಘೋಷಣೆಯ ದಿನ ಒಬ್ಬ ಆಟಗಾರನೂ ಇರಲಿಲ್ಲ. ಏಳೂವರೆ ತಿಂಗಳಲ್ಲಿ ತರಬೇತುದಾರ, ಆಟಗಾರರು, ಅಂಗಿಯ ಬಣ್ಣ, ಸೀಸನ್ ಟಿಕೆಟ್ ಎಲ್ಲವೂ ತಯಾರಾಗಬೇಕಿತ್ತು. ಮೈದಾನವನ್ನು ವಿಶ್ವವಿದ್ಯಾಲಯದಿಂದ ಬಾಡಿಗೆಗೆ ಪಡೆದರು. ಈ ನಿಪ್ಪರ್ಟ್ ಕ್ರೀಡಾಂಗಣದಲ್ಲಿ ಸುಮಾರು ನಲವತ್ತು ಸಾವಿರ ಮಂದಿ ಕೂರಬಹುದು. ಸಣ್ಣ ಲೀಗಿನ ತಂಡಕ್ಕೆ ಇಷ್ಟು ದೊಡ್ಡ ಮೈದಾನ ತೆಗೆದುಕೊಳ್ಳುವುದು ಮಾರುಕಟ್ಟೆ ಬಲ್ಲವರ ದೃಷ್ಟಿಯಲ್ಲಿ ಹುಚ್ಚುತನವೇ. ಐದು ಸಾವಿರ ಜನ ಬಂದರೂ ಖಾಲಿ ಕುರ್ಚಿಗಳೇ ಕಣ್ಣಿಗೆ ಹೊಡೆಯುತ್ತವೆ.

2016ರ ಏಪ್ರಿಲ್ 9ರ ಮೊದಲ ತವರು ಪಂದ್ಯಕ್ಕೆ 14,658 ಮಂದಿ ಬಂದರು. ಒಂದು ವಾರ ಕಳೆದು, ಒಹಾಯೊ ನದಿಯ ಕೆಳಹರಿವಿನಲ್ಲಿರುವ ಲೂಯಿವಿಲ್ ತಂಡ ಬಂದಾಗ 20,497. ಅಲ್ಲಿಗೆ ಲೀಗಿನ ದಾಖಲೆ ಮುರಿಯಿತು. ಮೇ ತಿಂಗಳಲ್ಲಿ ತನ್ನದೇ ದಾಖಲೆಯನ್ನು ತಾನೇ ಮುರಿದು 23,375. ಜುಲೈನಲ್ಲಿ ಇಂಗ್ಲೆಂಡಿನ ಕ್ರಿಸ್ಟಲ್ ಪ್ಯಾಲೇಸ್ ಸ್ನೇಹಪಂದ್ಯಕ್ಕೆ ಬಂದಾಗ 35,061. ವರ್ಷದ ಸರಾಸರಿ 17,296. ಅದೇ ವರ್ಷ ಲೀಗಿನ ಕಪ್ ಗೆದ್ದದ್ದು ನ್ಯೂಯಾರ್ಕ್ ರೆಡ್ ಬುಲ್ಸ್‌ನ ಎರಡನೇ ತಂಡ. ಅದರ ತವರು ಪಂದ್ಯಗಳಿಗೆ ಬರುತ್ತಿದ್ದವರು ನೂರರ ಲೆಕ್ಕದಲ್ಲಿ. ಕಪ್ ಒಂದು ಕಡೆ, ಜನ ಇನ್ನೊಂದು ಕಡೆ.

2017ರಲ್ಲಿ ಯುಎಸ್ ಓಪನ್ ಕಪ್ ಬಂತು. ದೊಡ್ಡವರೂ ಚಿಕ್ಕವರೂ ಒಂದೇ ಕಣಕ್ಕಿಳಿಯುವ ಹಳೆಯ ಟೂರ್ನಿ ಅದು. ಸಿನ್ಸಿನಾಟಿ ಮೊದಲ ದರ್ಜೆಯ ಕೊಲಂಬಸ್ ತಂಡವನ್ನು 1-0ಯಿಂದ ಸೋಲಿಸಿತು, ಪ್ರೇಕ್ಷಕರು 30,160. ಮುಂದಿನ ಸುತ್ತಿನಲ್ಲಿ ಶಿಕಾಗೊ. ಗೋಲಿಲ್ಲದೆ 120 ನಿಮಿಷ ಮುಗಿದ ಮೇಲೆ ಗೋಲ್‌ಕೀಪರ್ ಮಿಚ್ ಹಿಲ್ಡೆಬ್ರಾಂಟ್ ಮೂರು ಪೆನಾಲ್ಟಿ ತಡೆದರು, 32,287 ಮಂದಿಯೆದುರು. ಸೆಮಿಫೈನಲ್‌ನಲ್ಲಿ ನ್ಯೂಯಾರ್ಕ್ ವಿರುದ್ಧ 2-0 ಮುಂದಿದ್ದು, ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋತರು. ಅಂದಿನ ಲೆಕ್ಕ 33,250. ಆ ವರ್ಷ ಲೀಗಿನಲ್ಲಿ ಸರಾಸರಿ 21,199 ಮಂದಿ ಬಂದರು. ಮೊದಲ ದರ್ಜೆಯ ಮೇಜರ್ ಲೀಗ್ ಸಾಕರ್‌ನ ಹಲವು ತಂಡಗಳಿಗೆ ಅಷ್ಟೂ ಇರಲಿಲ್ಲ.

ಇಂಗ್ಲೆಂಡಿನಲ್ಲೋ ಸ್ಪೇನಿನಲ್ಲೋ ಆಗಿದ್ದರೆ ಮುಂದಿನ ಪ್ರಶ್ನೆ ಒಂದೇ: ಅಂಕಪಟ್ಟಿಯಲ್ಲಿ ಎಷ್ಟನೇ ಸ್ಥಾನ? ಅಮೆರಿಕದಲ್ಲಿ ಬಡ್ತಿ, ಹಿಂಬಡ್ತಿ ಇಲ್ಲ. ಮೇಲಿನ ಲೀಗಿಗೆ ಹೋಗಬೇಕಾದರೆ ಪ್ರವೇಶಶುಲ್ಕ ಕಟ್ಟಬೇಕು. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು ಟೊರೊಂಟೊ ಕಟ್ಟಿದ್ದು 1 ಕೋಟಿ ಡಾಲರ್. ಸಿನ್ಸಿನಾಟಿಯ ಸರದಿ ಬರುವಷ್ಟರಲ್ಲಿ ಅದು 15 ಕೋಟಿ ಆಗಿತ್ತು, ಅಂದಿನ ದರದಲ್ಲಿ ಸುಮಾರು ಸಾವಿರ ಕೋಟಿ ರೂಪಾಯಿ. ಇದು ಬರೀ ಬಾಗಿಲು ತೆರೆಯುವುದಕ್ಕೆ. ಸಾಕರ್‌ಗೆಂದೇ ಕಟ್ಟಿದ ಕ್ರೀಡಾಂಗಣವೂ ಬೇಕೆಂದು ಲೀಗ್ ಹಟ ಹಿಡಿಯಿತು, ಅದಕ್ಕೆ ಇನ್ನೂ ಸುಮಾರು 25 ಕೋಟಿ ಡಾಲರ್. ಆಟಗಾರನಿಗೆ ಒಂದು ಜೊತೆ ಬೂಟು ಕೊಡಿಸುವ ಮೊದಲೇ 40 ಕೋಟಿ ಡಾಲರ್ ಮುಗಿಯಿತು.

ಕ್ರೀಡಾಂಗಣಕ್ಕೆ ಜಾಗ ಗೊತ್ತಾದದ್ದು ಊರಿನ ವೆಸ್ಟ್ ಎಂಡ್ ಬಡಾವಣೆಯಲ್ಲಿ. ಇಲ್ಲಿ ನನಗೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡದೆ ಮುಂದೆ ಹೋಗಲಾಗುತ್ತಿಲ್ಲ. ವೆಸ್ಟ್ ಎಂಡ್ ಕಪ್ಪು ಜನರ ದಟ್ಟ ವಸತಿಯಾಗಿತ್ತು. 1950ರ ದಶಕದ ಕೊನೆಯಿಂದ ನಗರ ಸುಧಾರಣೆಯ ಹೆಸರಿನಲ್ಲಿ ಅದರ ಕೆಳಭಾಗದ ಕೆನ್ಯಾನ್-ಬಾರ್ ಪ್ರದೇಶವನ್ನು ನೆಲಸಮ ಮಾಡಿದರು. ಉರುಳಿದ ಕಟ್ಟಡಗಳು 2,800ರ ಆಸುಪಾಸು, ಎದ್ದು ಹೋದವರು 25,700ಕ್ಕಿಂತ ಹೆಚ್ಚು. 2018ರಲ್ಲಿ ಎಫ್‌ಸಿ ಸಿನ್ಸಿನಾಟಿಯ ಪಂದ್ಯಗಳಿಗೆ ಸರಾಸರಿ ಬಂದ ಪ್ರೇಕ್ಷಕರೂ ಹೆಚ್ಚುಕಡಿಮೆ 25,700. ಅದೇ ವೆಸ್ಟ್ ಎಂಡ್‌ನ ಉಳಿದ ಭಾಗದಲ್ಲಿ 2021ರಲ್ಲಿ ತೆರೆದ ಹೊಸ ಕ್ರೀಡಾಂಗಣದ ಆಸನಗಳು 26,000. ಕಾಕತಾಳೀಯವೇ ಇರಬಹುದು. ಆದರೆ ಮತ್ತೆ ನಮ್ಮನ್ನು ಎಬ್ಬಿಸುತ್ತಾರೆ ಎಂದು ಅಲ್ಲಿನ ಹಳಬರು ನಗರಸಭೆಯಲ್ಲಿ ಗಲಾಟೆ ಮಾಡಿದ್ದು ಸುಮ್ಮನೆ ಅಲ್ಲ.

ಮೇಜರ್ ಲೀಗಿನ ಆಹ್ವಾನ ಬಂದದ್ದು 2018ರ ಮೇ 29ಕ್ಕೆ, ಋತುವಿನ ನಡುವೆ. ಆ ವರ್ಷ ತಂಡ 34 ಪಂದ್ಯಗಳಲ್ಲಿ ಮೂರೇ ಮೂರು ಸೋತು, 77 ಅಂಕ ಗಳಿಸಿ, ಅಷ್ಟರಲ್ಲಿ ಎರಡನೇ ದರ್ಜೆಯ ಮಾನ್ಯತೆ ಪಡೆದಿದ್ದ ತನ್ನ ಲೀಗಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಆ ಪಟ್ಟಿ ಪೂರ್ತಿಯಾದದ್ದು ಅಕ್ಟೋಬರಿಗೆ. ಸೋತಿದ್ದರೂ ಮೇಲೆ ಹೋಗುತ್ತಿದ್ದರು. ಮೇಲೆ ಹೋದ ಮೇಲೆ ಏನಾಯಿತು? 2019ರಲ್ಲಿ 34 ಪಂದ್ಯಗಳಲ್ಲಿ 75 ಗೋಲು ತಿಂದರು, ಲೀಗಿನ ಚರಿತ್ರೆಯಲ್ಲಿ ಅಷ್ಟು ಗೋಲು ಯಾರೂ ತಿಂದಿರಲಿಲ್ಲ. ಅಂಕ 24. ಸತತ ಮೂರು ವರ್ಷ ಕಟ್ಟಕಡೆಯ ಸ್ಥಾನ. ಬೇರೆ ದೇಶದಲ್ಲಾಗಿದ್ದರೆ ಮೊದಲ ವರ್ಷಕ್ಕೇ ಕೆಳಗಿಳಿದು ಹೋಗುತ್ತಿದ್ದರು. ಇಲ್ಲಿ ಶುಲ್ಕ ಕಟ್ಟಿದವರಿಗೆ ಕೆಳಗಿಳಿಯುವ ಭಯವಿಲ್ಲ. ಆ ನಿಶ್ಚಿಂತೆಯಲ್ಲೇ ತಂಡವನ್ನು ಮತ್ತೆ ಕಟ್ಟಿ, 2023ರಲ್ಲಿ 69 ಅಂಕಗಳೊಂದಿಗೆ ಇಡೀ ಲೀಗಿನ ತುದಿಗೇರಿದರು. ಈ ಪದ್ಧತಿಯನ್ನು ಬೈಯಲು ಹೊರಟರೆ ಇದೊಂದು ಅಡ್ಡ ಬರುತ್ತದೆ.

ಕೆಳಗಿನ ದರ್ಜೆಗಳನ್ನು ನಡೆಸುವ ಯುಎಸ್‌ಎಲ್ ಈಗ ಬೇರೆ ದಾರಿ ಹಿಡಿದಿದೆ. ತಾನೇ ಒಂದು ಮೊದಲ ದರ್ಜೆಯ ಲೀಗ್ ಶುರುಮಾಡಿ, ತನ್ನ ಮೂರು ದರ್ಜೆಗಳ ನಡುವೆ ಅಂಕಗಳ ಮೇಲೆ ಬಡ್ತಿ, ಹಿಂಬಡ್ತಿ ತರಬೇಕೆಂದು ಅದರ ಮಾಲೀಕರು 2025ರ ಮಾರ್ಚ್‌ನಲ್ಲಿ ಮತ ಹಾಕಿದರು. ಮೇಜರ್ ಲೀಗ್ ಇದರಲ್ಲಿ ಸೇರಿಲ್ಲ. ಅಲ್ಲಿಗೆ ಅದೇ ವರ್ಷ ಹೊಸದಾಗಿ ಬಂದ ಸ್ಯಾನ್ ಡಿಯಾಗೊ ತಂಡ ಕಟ್ಟಿದ ಶುಲ್ಕ 50 ಕೋಟಿ ಡಾಲರ್.