ಟೈರ್ ದೊಡ್ಡದಾದಾಗ ಅಚ್ಚಿನ ಪಾಡು

ಚಕ್ಕಡಿಯ ಅಚ್ಚು ಎಂದರೆ ಎರಡು ಗಾಲಿಗಳ ನಡುವೆ ಅಡ್ಡ ಮಲಗಿದ ತೊಲೆ. ಗಾಡಿಗೆ ಹೇರಿದ ಭಾರವೆಲ್ಲ ಮೊದಲು ಅದರ ಬೆನ್ನಿಗೆ ಬೀಳುತ್ತದೆ. ಅಲ್ಲಿಂದ ಎರಡೂ ತುದಿಗೆ ಹರಿದು, ಗಾಲಿಯ ಮೂಲಕ ನೆಲಕ್ಕಿಳಿಯುತ್ತದೆ. ಅಚ್ಚು ತಾನು ತಿರುಗುವುದಿಲ್ಲ, ತನ್ನ ತುದಿಯಲ್ಲಿ ಗಾಲಿಯನ್ನು ತಿರುಗಗೊಡುತ್ತದೆ. ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಟೈರ್ ಗಾಡಿಗಳ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಟೈರ್ ಎಷ್ಟು ದೊಡ್ಡದು, ಯಾವ ಕಂಪನಿಯದು ಎಂಬ ಮಾತೂ ನಡೆಯುತ್ತದೆ. ಅಚ್ಚಿನ ಮಾತು ಬರುವುದು ಅದು ಮುರಿದ ದಿನ. ಆದರೆ ಮರದ ಗಾಲಿಯಿಂದ ಟೈರಿಗೆ, ಸಣ್ಣ ಟೈರಿನಿಂದ ದೊಡ್ಡ ಟೈರಿಗೆ ಗಾಡಿ ಬದಲಾದಾಗಲೆಲ್ಲ ನಿಜವಾಗಿ ಬದಲಾಗಬೇಕಾದದ್ದು ಅಚ್ಚೇ.

ಹಳೆಯ ಚಕ್ಕಡಿಯ ಗಾಲಿ ನಾಲ್ಕೂವರೆಯಿಂದ ಐದು ಅಡಿ ಎತ್ತರದ್ದು. ನಡುವೆ ಗುಂಬ, ಅದರಿಂದ ಹೊರಟ ಅರೆಗಳು, ಸುತ್ತ ಕಬ್ಬಿಣದ ಹಳಿ. ಜಾಲಿಯ ಗಟ್ಟಿ ಮರ ಬಡಿಗೇರನ ಮೊದಲ ಆಯ್ಕೆ. ಅಚ್ಚು ಮೊದಲು ಮರದ್ದಿತ್ತು, ಆಮೇಲೆ ಕಬ್ಬಿಣದ್ದಾಯಿತು. ತುದಿಗೆ ಗುಂಬವನ್ನು ತೂರಿಸಿ, ಅದು ಕಳಚಿ ಬೀಳದಂತೆ ಹೊರಗಿನಿಂದ ಒಂದು ಕೀಲು ಬಡಿದರೆ ಮುಗಿಯಿತು. ಇದೇ ಕಡೆಗೀಲು, ವಚನಕಾರರ ಮಾತಿನಲ್ಲೂ ಬರುವಷ್ಟು ಹಳೆಯ ಪದ.

ಈ ಎತ್ತರದ ಗಾಲಿ ಹಳೆಯ ಕಾಲದ ಒಡ್ಡೊಡ್ಡ ವಸ್ತು ಎಂದು ಭಾವಿಸುವುದು ತಪ್ಪು. ಅಚ್ಚಿನ ತುದಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಆ ಉಜ್ಜಾಟ ಎತ್ತಿನ ಹೆಗಲಿಗೆ ಎಷ್ಟು ಮುಟ್ಟುತ್ತದೆ ಎಂಬುದು ಅಚ್ಚಿನ ದಪ್ಪಕ್ಕೂ ಗಾಲಿಯ ಎತ್ತರಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಎರಡು ಅಂಗುಲ ದಪ್ಪದ ತುದಿಯ ಮೇಲೆ ಅರವತ್ತು ಅಂಗುಲದ ಗಾಲಿ ತಿರುಗಿದರೆ ಉಜ್ಜಾಟದ ಮೂವತ್ತರಲ್ಲಿ ಒಂದು ಪಾಲು ಮಾತ್ರ ನೊಗಕ್ಕೆ ತಲುಪುತ್ತದೆ. ಬೇರಿಂಗ್ ಇಲ್ಲದ ಕಾಲದಲ್ಲಿ ಬಡಿಗೇರ ಗಾಲಿಯನ್ನು ಎತ್ತರಿಸಿಯೇ ಎತ್ತಿನ ಶ್ರಮ ಇಳಿಸಿದ್ದ. ಅವನ ಲೆಕ್ಕ ಕಾಗದದ ಮೇಲೆ ಇರಲಿಲ್ಲ, ಕೈಯಲ್ಲಿತ್ತು.

ಆದರೆ ಹಳಿಯ ಅಗಲ ಎರಡು ಅಂಗುಲದಷ್ಟು. ಎರೆ ಹೊಲದಲ್ಲಿ ನೀರು ಹಾಯ್ದ ಮೇಲೆ ಅಂಥ ಗಾಲಿ ಚಾಕುವಿನಂತೆ ಇಳಿಯುತ್ತದೆ. 1897ರಲ್ಲಿ ಧೂಪದಾಳದ ಒಡ್ಡು ಕಟ್ಟಿ ಘಟಪ್ರಭೆಯ ನೀರನ್ನು ಕಾಲುವೆಗೆ ತಿರುಗಿಸಿದ ಮೇಲೆ ಈ ಸೀಮೆ ನಿಧಾನಕ್ಕೆ ನೀರಾವರಿಯ ಸೀಮೆಯಾಯಿತು. ಹಿಡಕಲ್ ಅಣೆಕಟ್ಟಿನ ನಂತರ ಕಬ್ಬು ಹಬ್ಬಿತು. ಜೋಳದ ಚೀಲ ಹೊರುತ್ತಿದ್ದ ಗಾಡಿಗೆ ಟನ್‌ಗಟ್ಟಲೆ ಹಸಿ ಕಬ್ಬು ಹೊರುವ ಕೆಲಸ ಬಿತ್ತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಸಹಕಾರಿ ಕಾರಖಾನೆ, ಹುಣಶ್ಯಾಳದ ಸತೀಶ್ ಶುಗರ್ಸ್ — ದಾರಿ ಯಾವುದಾದರೂ ಭಾರ ಒಂದೇ. ಗಾಳಿ ತುಂಬಿದ ಟೈರು ಇಲ್ಲಿ ನೆಲೆಯೂರಿದ್ದು ಈ ಭಾರದಿಂದಲೇ.

ಗಾಳಿ ತುಂಬಿದ ಟೈರಿನ ಜನ್ಮದಲ್ಲೇ ಪ್ರಾಣಿಯ ನಂಟಿದೆ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್ಲಪ್ ಬೆಲ್‌ಫಾಸ್ಟಿನ ಪಶುವೈದ್ಯ. ಆತನ ಹೆಸರು ಹೊತ್ತ ಕಂಪನಿ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ದೇಶದ ಎಷ್ಟೋ ಕಡೆ ಟೈರಿನ ಗಾಡಿಗೆ 'ಡನ್ಲಪ್ ಗಾಡಿ' ಎಂಬ ಹೆಸರೇ ನಿಂತುಹೋಯಿತು.

ಡನ್ಲಪ್‌ನ ಹೆಸರು ಗಾಡಿಗೆ ಅಂಟಿತು. ಹೆನ್ರಿ ಟಿಮ್ಕನ್‌ನ ಹೆಸರು ಬೇರಿಂಗಿನ ಪೆಟ್ಟಿಗೆಯ ಮೇಲಷ್ಟೇ ಉಳಿಯಿತು. ಅದು ನ್ಯಾಯವಲ್ಲ. ಟಿಮ್ಕನ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿಗಳನ್ನು ಕಟ್ಟುತ್ತಿದ್ದವನು. ಸರಕು ತುಂಬಿದ ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಯ ಮೇಲೆ ಬೀಳುವ ಅಡ್ಡಭಾರ ಅವನನ್ನು ಕಾಡಿತು. ನೇರ ಉರುಳೆಗಳ ಬೇರಿಂಗ್ ಮೇಲಿನಿಂದ ಬರುವ ಭಾರವನ್ನು ಹೊರುತ್ತದೆ, ಪಕ್ಕದಿಂದ ಬರುವ ಹೊಡೆತವನ್ನು ತಾಳುವುದಿಲ್ಲ. 1898ರಲ್ಲಿ ಅವನು ಪೇಟೆಂಟ್ ಪಡೆದದ್ದು ಮೊನೆಯ ಕಡೆ ಕಿರಿದಾಗುತ್ತ ಹೋಗುವ ಉರುಳೆಗಳ ಬೇರಿಂಗಿಗೆ. ಇಂಥ ಎರಡನ್ನು ಎದುರುಬದುರು ಕೂರಿಸಿದರೆ ಮೇಲಿನ ಭಾರ, ಎರಡೂ ಪಕ್ಕದ ಭಾರ ಎಲ್ಲಕ್ಕೂ ಆಧಾರ ಸಿಗುತ್ತದೆ. ಇಂದು ಲಾರಿ, ಟ್ರ್ಯಾಕ್ಟರ್, ಜೀಪುಗಳ ಗಾಲಿಯೊಳಗೆ ಕುಳಿತಿರುವುದು ಇದರ ಸಂತತಿಯೇ. ಅಂದರೆ ಈ ಬೇರಿಂಗ್ ಲಾರಿಯಿಂದ ಗಾಡಿಗೆ ಇಳಿದು ಬಂದದ್ದಲ್ಲ. ಪ್ರಾಣಿ ಎಳೆಯುವ ಗಾಡಿಯಿಂದ ಲಾರಿಗೆ ಹೋದದ್ದು. ಮೂಡಲಗಿಯ ಚಕ್ಕಡಿಗೆ ಅದು ಬಂದದ್ದು ತವರಿಗೆ ಮರಳಿದಂತೆ.

ಪಕ್ಕದ ಹೊಡೆತ ಎಂಬುದು ಚಕ್ಕಡಿಗೆ ತಿರುವಿನಲ್ಲಿ ಮಾತ್ರ ಬರುವುದಲ್ಲ. ಜೋಡೆತ್ತು ನಡೆಯುವಾಗ ಹೆಗಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ಆ ತೂಗಾಟ ಮೂಕಿಯ ಮೂಲಕ ಅಚ್ಚಿಗೆ ಬಂದು, ಹೆಜ್ಜೆ ಹೆಜ್ಜೆಗೂ ಗಾಲಿಯನ್ನು ಒಳಗೂ ಹೊರಗೂ ತಳ್ಳುತ್ತದೆ. ಮರದ ಗಾಲಿಯಲ್ಲಿ ಗುಂಬಕ್ಕೂ ಕೀಲಿಗೂ ನಡುವೆ ಬೆರಳಿನಷ್ಟು ಸಡಿಲ ಬಿಟ್ಟಿರುತ್ತಿತ್ತು. ಗುಂಬ ಆ ಜಾಗದಲ್ಲಿ ಆಚೀಚೆ ಸರಿದು ಹೊಡೆತವನ್ನು ನುಂಗುತ್ತಿತ್ತು. ರಾತ್ರಿ ಹಾದಿಯಲ್ಲಿ ದೂರದಿಂದ ಕೇಳುತ್ತಿದ್ದ ಚಕ್ಕಡಿಯ 'ಖಟ್ ಖಟ್' ಸದ್ದು ಇದೇ. ಬೇರಿಂಗ್ ಕೂತ ಮೇಲೆ ಆ ಸದ್ದು ಅಡಗಿತು. ಟೈರ್ ಗಾಡಿ ಸದ್ದಿಲ್ಲದೆ ಬರುತ್ತದೆ. ಸದ್ದು ಬಂತೆಂದರೆ ಬೇರಿಂಗ್ ಹೋಯಿತೆಂದೇ ಅರ್ಥ.

ಟೈರ್ ಹಾಕಿದರೆ ಬೇರಿಂಗ್ ಏಕೆ ಬೇಕೇಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಚಕ್ಕಡಿಯ ಟೈರುಗಳು ಸಾಮಾನ್ಯವಾಗಿ 19 ಅಂಗುಲದ ರಿಮ್ಮಿನವು: 6.00-19, 7.00-19, 8.00-19. ಮೊದಲ ಅಂಕಿ ಟೈರಿನ ಅಗಲ. 7.00-19 ಟೈರಿನ ಒಟ್ಟು ಎತ್ತರ ಸುಮಾರು 33 ಅಂಗುಲ, ಮರದ ಗಾಲಿಯ ಅರ್ಧಕ್ಕಿಂತ ತುಸು ಹೆಚ್ಚು. ಹಳೆಯ ಅಚ್ಚಿನ ಮೇಲೆ ಇದನ್ನು ಹಾಗೆಯೇ ತಿರುಗಿಸಿದರೆ ಉಜ್ಜಾಟದ ಭಾರ ಎತ್ತಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಲಿ ಗಿಡ್ಡವಾದದ್ದರ ನಷ್ಟ ತುಂಬುವುದು ಬೇರಿಂಗ್. ಅದು ಉಜ್ಜಾಟವನ್ನು ಹತ್ತಾರು ಪಟ್ಟು ಇಳಿಸುತ್ತದೆ. ಟೈರು ಮಣ್ಣಿನ ಜೊತೆ ವ್ಯವಹರಿಸುತ್ತದೆ, ಬೇರಿಂಗ್ ಎತ್ತಿನ ಜೊತೆ.

ಕಾನೂನೂ ಇದನ್ನು ಗುರುತಿಸಿದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1965ರಲ್ಲಿ ಬಂದ ನಿಯಮಗಳು ಎರಡು ಗಾಲಿಯ ಗಾಡಿಗೆ ದೊಡ್ಡ ಎತ್ತಿನ ಮಿತಿಯನ್ನು ಹೀಗೆ ಹೇಳುತ್ತವೆ: ಟೈರ್ ಇಲ್ಲದಿದ್ದರೆ 900 ಕಿಲೋ, ಟೈರ್ ಇದ್ದರೆ 1350, ಬಾಲ್ ಬೇರಿಂಗ್ ಇದ್ದರೆ 1800. ಬೇರಿಂಗಿಗೆ ಟೈರಿಗಿಂತ ಮೇಲಿನ ಸ್ಥಾನ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಬದುಕಿನ ಕೆಲಸವಾಗಿ ಹಿಡಿದು, ಅದಕ್ಕಾಗಿ ಕಾರ್ಟ್‌ಮನ್ ಎಂಬ ಸಂಸ್ಥೆ ಕಟ್ಟಿದರು. ವ್ಯವಸ್ಥಾಪನಾ ಶಾಸ್ತ್ರದ ಪಂಡಿತರೊಬ್ಬರು ಅಚ್ಚು, ನೊಗ, ಬೇರಿಂಗಿನ ಬಗ್ಗೆ ಅಷ್ಟು ವರ್ಷ ಮಾತನಾಡಿದ್ದು ದೊಡ್ಡ ಸಂಗತಿ.

ಸಣ್ಣ ಟೈರಿನಿಂದ ದೊಡ್ಡದಕ್ಕೆ ಹೋಗುವ ಕೆಲಸ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ನಡೆಯುತ್ತದೆ. ಗಾಡಿಯನ್ನು ಮಗುಚಿ ಹಾಕಿ, ಹಳೆಯ ಅಚ್ಚನ್ನು ಬಿಚ್ಚಿ ಕಲ್ಲಿನ ಮೇಲೆ ಇಟ್ಟರೆ ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ನಡುವೆ ತುಸು ಬಾಗಿದೆ. ಚೌಕ ಸರಳು ಗುಂಡಗಾಗಿ ತಿರುಗುವ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ. ಸೀಮೆಎಣ್ಣೆ ಹಚ್ಚಿ ಒರೆಸಿದರೆ ಗೆರೆಯೊಳಗಿಂದ ಎಣ್ಣೆ ಮತ್ತೆ ಜಿನುಗುತ್ತದೆ. ಅಚ್ಚು ಮುರಿಯುವುದು ಅಲ್ಲಿಯೇ. ಬೇರಿಂಗಿನ ಒಳಬಳೆಯ ಮೇಲೆ ನೀಲಿ ಛಾಯೆ ಇದ್ದರೆ ಅದು ಕಾದದ್ದರ ಗುರುತು; ಗ್ರೀಸು ಕರ್ರಗೆ ಮರಳಾಗಿದ್ದರೆ ಸೀಲ್ ಹರಿದು ಹೊಲದ ಮಣ್ಣು ಒಳಹೊಕ್ಕಿದೆ.

ಹೊಸ ಅಚ್ಚು ಸಾಮಾನ್ಯವಾಗಿ ದಪ್ಪನೆಯ ಚೌಕ ಸರಳು. ಚೌಕ ಸರಳಿನ ಬಾಗು ತಾಳುವ ಶಕ್ತಿ ಅದರ ಬದಿಯ ಘನಕ್ಕೆ ತಕ್ಕಂತೆ ಏರುತ್ತದೆ. 50 ಮಿಲಿಮೀಟರಿನ ಬದಲು 60 ಹಾಕಿದರೆ ತೂಕ ಒಂದೂವರೆ ಪಟ್ಟಿಗೂ ಕಡಿಮೆ ಏರಿದರೂ ಬಲ 1.7 ಪಟ್ಟು ದಾಟುತ್ತದೆ. ಈ ಹೆಚ್ಚಿನ ಬಲ ಬೇಕೇ ಬೇಕು. ಏಕೆಂದರೆ ಅಗಲದ ಟೈರು ಗಾಡಿಯ ಚೌಕಟ್ಟಿಗೆ ತಾಗದಂತೆ ಗಾಲಿಯನ್ನು ಹೊರಕ್ಕೆ ಸರಿಸಬೇಕಾಗುತ್ತದೆ, ಹೊರಕ್ಕೆ ಸರಿದಷ್ಟೂ ಅದೇ ಭಾರ ಅಚ್ಚನ್ನು ಹೆಚ್ಚು ಬಾಗಿಸುತ್ತದೆ. ತುದಿಯನ್ನು ಲೇಥಿನಲ್ಲಿ ತಿರುವುವಾಗ ಮೂಲೆಯನ್ನು ಚೂಪಾಗಿ ಕಡಿಯದೆ ದುಂಡಗೆ ಬಿಡಬೇಕು. ಹಳೆಯ ಅಚ್ಚಿಗೆ ಹೊಸ ತುದಿ ಬೆಸೆಯುವ ಅಗ್ಗದ ದಾರಿಯೂ ಉಂಟು. ಅದನ್ನು ಒಪ್ಪಲಾಗದು. ಬೆಸುಗೆ ಬೀಳುವುದು ಅತಿ ಹೆಚ್ಚು ಬಾಗುವ ಜಾಗದ ಪಕ್ಕದಲ್ಲೇ. ಮುರಿದರೆ ಮೂರು ಟನ್ ಕಬ್ಬು ಒಂದು ಮಗ್ಗುಲಿಗೆ ಬೀಳುತ್ತದೆ, ನೊಗದಲ್ಲಿರುವ ಎತ್ತಿನ ಕೊರಳೂ ಅದರ ಜೊತೆ ತಿರುಚುತ್ತದೆ.

ಕೊನೆಗೆ ಹಬ್ಬು, ಅಂದರೆ ಟೈರ್ ಗಾಲಿಯ ಗುಂಬ, ಕೂರುತ್ತದೆ. ಅಂಗೈಯಲ್ಲಿ ಗ್ರೀಸಿಟ್ಟು, ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಉರುಳೆಗಳ ಸಂದಿಯಿಂದ ಮೇಲೆ ಉಕ್ಕುವವರೆಗೆ ತುಂಬುತ್ತಾರೆ. ಗಾಲಿ ತಿರುಗಿಸುತ್ತಲೇ ನಟ್ಟನ್ನು ಬಿಗಿಸಿ, ಗಾಲಿ ಭಾರವಾಯಿತೆನ್ನುವಾಗ ನಿಲ್ಲಿಸಿ, ನಟ್ಟಿನ ಒಂದು ಕಚ್ಚಿನಷ್ಟು ಹಿಂದಕ್ಕೆ ಸಡಿಲಿಸಿ, ಅಡ್ಡಲಾಗಿ ಸ್ಪ್ಲಿಟ್ ಪಿನ್ ತೂರಿಸಿ ಕಿವಿ ಮಡಿಸುತ್ತಾರೆ. ಬೆರಳುದ್ದದ ಆ ತಂತಿ ಹಳೆಯ ಕಡೆಗೀಲೇ. ಅಚ್ಚಿನಲ್ಲಿ ಎಲ್ಲ ಬದಲಾದರೂ ಗಾಲಿ ಕಳಚದಂತೆ ಹಿಡಿಯುವ ಕೊನೆಯ ಕೆಲಸ ಇಂದಿಗೂ ಒಂದು ಕೀಲಿನದು.

ಟೈರ್ ಒಂದು ಅಳತೆ ದೊಡ್ಡದಾದರೆ ಅಚ್ಚು ಒಂದು ಅಂಗುಲ ಮೇಲೇರುತ್ತದೆ. ಗಾಡಿಯ ಹಲಗೆಯೂ ಏರುತ್ತದೆ. ನೊಗ ಮಾತ್ರ ಎತ್ತಿನ ಹೆಗಲಿನಲ್ಲೇ ಇರುತ್ತದೆ. ಹೀಗಾಗಿ ಗಾಡಿ ಮುಂದಕ್ಕೆ ಬಾಗಿ ಮುಂಭಾರವಾಗುತ್ತದೆ, ತೂಕ ಹೆಗಲಿಗೆ ಇಳಿಯುತ್ತದೆ. ಅದನ್ನು ತಪ್ಪಿಸಲು ಅಚ್ಚನ್ನು ಮಿತಿಮೀರಿ ಮುಂದಕ್ಕೆ ಸರಿಸಿದರೆ ಹಿಂಭಾರವಾಗಿ ನೊಗ ಮೇಲೇಳುತ್ತದೆ, ಕೊರಳ ಜತ್ತಿಗೆ ಬಿಗಿಯುತ್ತದೆ. ಅಚ್ಚಿನ ಮೇಲಿನ ಮರದ ದಿಮ್ಮಿಯನ್ನು ಏರಿದಷ್ಟೇ ಕೆತ್ತಿ ಹಲಗೆಯನ್ನು ಹಳೆಯ ಎತ್ತರಕ್ಕೆ ಇಳಿಸುವುದೇ ಸರಿಯಾದ ದಾರಿ.

ಗುಡ್ಡಗಾಡಿಗೆ ಜೀಪ್ ಒಯ್ಯುವವರು ದೊಡ್ಡ ಟೈರ್ ಹಾಕಿದಾಗ ಎದುರಾಗುವ ಪ್ರಶ್ನೆಗಳೂ ಇವೇ. ಅಲ್ಲಿ ಒಂದು ಹೆಚ್ಚಿನ ತೊಡಕಿದೆ: ಜೀಪಿನ ಅಚ್ಚು ಭಾರ ಹೊರುವುದಲ್ಲದೆ ಗಾಲಿಯನ್ನು ತಿರುಗಿಸಲೂ ಬೇಕು. ಟೈರ್ ಎತ್ತರವಾದಷ್ಟೂ ಒಳಗಿನ ಶಾಫ್ಟಿನ ಮೇಲೆ ತಿರುಚು ಹೆಚ್ಚುತ್ತದೆ, ಎಂಜಿನ್ನಿನ ಎಳೆತ ಕುಗ್ಗುತ್ತದೆ. ಆದ್ದರಿಂದ ದಪ್ಪನೆಯ ಶಾಫ್ಟಿನ ಜೊತೆ ಗೇರಿನ ಅನುಪಾತವನ್ನೂ ಬದಲಿಸುತ್ತಾರೆ. ಚಕ್ಕಡಿಗೆ ಬದಲಿಸಲು ಗೇರ್ ಇಲ್ಲ. ನಾನೂರು ಕಿಲೋ ತೂಕದ ಎತ್ತು ದಿನವಿಡೀ ಎಳೆಯಬಲ್ಲದ್ದು ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು; ಜೋಡಿಗೆ ಎಂಬತ್ತು ಕಿಲೋ. ಮೂರು ಟನ್ನಿನ ಟೈರ್ ಗಾಡಿ ಡಾಂಬರಿನ ಮೇಲೆ ಸುಮಾರು ಅಷ್ಟೇ ಎಳೆತ ಬೇಡುತ್ತದೆ. ಮೆತ್ತನೆ ಹೊಲದಲ್ಲಿ ಅದರ ಮೂರ್ನಾಲ್ಕು ಪಟ್ಟು ಬೇಕು. ಹೊಲದಿಂದ ರಸ್ತೆಗೆ ಏರುವಾಗ ಇನ್ನೊಂದು ಜೋಡಿ ಕಟ್ಟುವುದು ಇದಕ್ಕೇ. ಮೂವತ್ತು ಮೀಟರಿಗೆ ಮೂರು ಮೀಟರಿಗಿಂತ ಹೆಚ್ಚಿನ ಏರು ಒಂದು ಕಿಲೋಮೀಟರ್ ಮುಂದುವರಿದರೆ ಭಾರವನ್ನು ಅರ್ಧಕ್ಕಿಳಿಸಬೇಕೆಂದು ಅದೇ 1965ರ ನಿಯಮ ಹೇಳುತ್ತದೆ. ದೊಡ್ಡ ಟೈರು, ದಪ್ಪ ಅಚ್ಚು ಬಂದ ಮೇಲೆ ಗಾಡಿ ಹೊರಬಲ್ಲದ್ದು ಬೆಳೆದಿದೆ. ಕಿಲಾರಿ ಎತ್ತಿನ ಹೆಗಲು ಬೆಳೆದಿಲ್ಲ. ಹೇರುವವರು ಟೈರ್ ನೋಡಿ ಹೇರುತ್ತಾರೆ, ಎತ್ತು ನೋಡಿ ಹೇರಬೇಕು.

ಇಳಿಜಾರಿನಲ್ಲಿ ತೊಂದರೆ ತಿರುಗುಮುರುಗು. ಮರದ ಗಾಲಿಯ ಉಜ್ಜಾಟವೇ ಅರ್ಧ ಬ್ರೇಕಾಗಿತ್ತು. ಬೇರಿಂಗ್ ಮೇಲೆ ಹಗುರಾಗಿ ಉರುಳುವ ಗಾಡಿ ಎತ್ತಿನ ಹಿಂದೆಯೇ ನುಗ್ಗುತ್ತದೆ, ಎತ್ತು ಕೊರಳಿನಿಂದ ತಡೆಯಬೇಕಾಗುತ್ತದೆ. ಆದ್ದರಿಂದ ಹೊಸ ಅಚ್ಚಿನ ಜೊತೆಗೆ ಟೈರಿಗೆ ಒತ್ತುವ ಮರದ ದಿಂಡು, ಅದನ್ನು ಎಳೆಯುವ ಸನ್ನೆ, ಗಾಡಿ ಹೊಡೆಯುವವನ ಕೈಗೆ ಸಿಗುವ ಹಗ್ಗ, ಇಷ್ಟನ್ನಾದರೂ ಅಂಗಡಿಯಲ್ಲೇ ಕೂರಿಸಿಕೊಳ್ಳಬೇಕು. ಹಂಗಾಮು ಮುಗಿದ ಮೇಲೆ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಟೈರನ್ನು ನೆಲದಿಂದ ಎತ್ತಿಟ್ಟು, ಹಬ್ಬು ಬಿಚ್ಚಿ ಹಳೆಯ ಗ್ರೀಸನ್ನು ಡೀಸೆಲ್ಲಿನಲ್ಲಿ ತೊಳೆದು, ಹೊಸದು ತುಂಬಿ, ಸೀಲ್ ಮತ್ತು ಸ್ಪ್ಲಿಟ್ ಪಿನ್ ಬದಲಿಸಿದರೆ ಮುಂದಿನ ಕಬ್ಬಿನ ಹಂಗಾಮಿಗೆ ಅಚ್ಚು ಸಿದ್ಧ.