ಗೇಣಿ ರದ್ದತಿ ಮತ್ತು ಪ್ರಭುತ್ವದ ಹೊಣೆ

ಬಂಡವಾಳಶಾಹಿ ವ್ಯವಸ್ಥೆಯಲ್ಲಿ ಆರ್ಥಿಕ ಅಸಮಾನತೆಯನ್ನು ತಗ್ಗಿಸಲು ಪ್ರಭುತ್ವದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಗಳಿಕೆಯ ಮೇಲೆ ತೆರಿಗೆ ವಿಧಿಸಿ ಅದನ್ನು ಬಡವರ ಅನ್ನ, ಶಿಕ್ಷಣ, ಆರೋಗ್ಯಗಳಿಗೆ ವಿನಿಯೋಗಿಸುವುದು ಒಂದು; ಗಳಿಕೆಯ ಮೂಲವಾದ ಒಡೆತನವನ್ನೇ ಮರುಹಂಚುವುದು ಇನ್ನೊಂದು. ಎರಡನೆಯ ದಾರಿಯ ಸಾಧ್ಯತೆ ಹಾಗೂ ಮಿತಿಗಳನ್ನು ಅರಿಯಲು ಕರ್ನಾಟಕದ ಭೂಸುಧಾರಣೆ ಮಹತ್ವದ ನಿದರ್ಶನವಾಗಿದೆ.

1961ರ ಭೂಸುಧಾರಣಾ ಕಾಯ್ದೆಯು ಗೇಣಿದಾರರಿಗೆ ರಕ್ಷಣೆ ನೀಡಿತಾದರೂ, ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯುವ ಅವಕಾಶವನ್ನು ಮಾಲೀಕರಿಗೆ ಉಳಿಸಿತ್ತು. ಒಕ್ಕಲೆಬ್ಬಿಸುವಿಕೆಗೆ ಕಾಯ್ದೆಯೇ ಬಾಗಿಲು ತೆರೆದಿಟ್ಟಂತಾಗಿತ್ತು. ದೇವರಾಜ ಅರಸು ಅವರ ಆಡಳಿತಾವಧಿಯಲ್ಲಿ, 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಈ ಬಾಗಿಲನ್ನು ಮುಚ್ಚಿತು. ಗೇಣಿಯ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬಹುದಾಯಿತು. ಮಂಡಳಿಯಲ್ಲಿ ಅಧಿಕಾರಿಯೊಂದಿಗೆ ಅಧಿಕಾರಿಗಳಲ್ಲದ ಸದಸ್ಯರೂ ಇದ್ದರು. ಅದರ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಬಾಯಿಮಾತಿನ ಗೇಣಿಯೇ ಹೆಚ್ಚಾಗಿದ್ದಲ್ಲಿ, ಕಾಗದಪತ್ರವಾಗಲಿ ಹಣಬಲವಾಗಲಿ ಇಲ್ಲದವನಿಗೆ ಈ ಏರ್ಪಾಡು ಹಕ್ಕಿನಷ್ಟೇ ಮುಖ್ಯವಾಗಿತ್ತು. ಚಾಲಗೇಣಿ ವ್ಯಾಪಕವಾಗಿದ್ದ ಕರಾವಳಿಯಲ್ಲಿ ಇದರ ಪರಿಣಾಮ ವಿಶೇಷವಾಗಿ ಕಂಡುಬಂದಿತು.

ಆದರೆ ಕಾಯ್ದೆಯ ಅಳತೆಗೋಲು ಗೇಣಿಯೇ ಆಗಿದ್ದುದರಿಂದ, ಗೇಣಿಗೂ ಭೂಮಿ ದೊರೆಯದೆ ಕೂಲಿಯನ್ನೇ ನಂಬಿದ್ದವರು ಅದರ ಹೊರಗುಳಿದರು. ಕೃಷಿಕಾರ್ಮಿಕರಿಗೆ ವಾಸದ ಮನೆಯ ಒಡೆತನ ಕೊಡುವ ಅವಕಾಶವಿತ್ತು. ಹೊಲದ ಒಡೆತನವನ್ನು ಅವರು ಭೂಮಿತಿಯಿಂದ ದೊರೆಯುವ ಹೆಚ್ಚುವರಿ ಭೂಮಿಯಲ್ಲಿ ನಿರೀಕ್ಷಿಸಬೇಕಿತ್ತು. ಗೇಣಿ ರದ್ದತಿಯಷ್ಟು ಭೂಮಿತಿಯು ಫಲಕಾರಿಯಾಗಲಿಲ್ಲ. ಹೀಗೆ ಮಾಲೀಕ ಮತ್ತು ಒಕ್ಕಲಿನ ನಡುವಿನ ಅಂತರ ಕುಗ್ಗಿದರೂ, ಭೂಮಿಯುಳ್ಳವರ ಮತ್ತು ಇಲ್ಲದವರ ನಡುವಿನ ಅಂತರ ಉಳಿಯಿತು. ಭೂರಹಿತರಲ್ಲಿ ದಲಿತರ ಪ್ರಮಾಣ ಹೆಚ್ಚಿದ್ದುದರಿಂದ ಇದು ಜಾತಿಯ ಪ್ರಶ್ನೆಯೂ ಹೌದು.

ಹಕ್ಕು ಪಡೆದವನು ಸಹ ಸಾಲ, ನೀರು, ಬೆಲೆಗಳಿಗಾಗಿ ಮಾರುಕಟ್ಟೆಯನ್ನು ಎದುರಿಸಲೇಬೇಕು. ಇವುಗಳ ಆಸರೆಯಿಲ್ಲದಿದ್ದರೆ ಕಾಯ್ದೆ ಕೊಟ್ಟ ಭೂಮಿಯನ್ನು ಕಷ್ಟಕಾಲ ಕಿತ್ತುಕೊಳ್ಳುತ್ತದೆ. 2020ರ ತಿದ್ದುಪಡಿಯು 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ನಿರ್ಬಂಧವನ್ನು ಸಡಿಲಿಸಿತು. ಮಾರುವ ರೈತನಿಗೆ ಹೆಚ್ಚಿನ ಬೆಲೆ ದೊರೆಯುವುದೆಂಬ ಸಮರ್ಥನೆ ಇದಕ್ಕಿದೆ. ಕೊಳ್ಳುವ ಶಕ್ತಿಯಿಲ್ಲದ ಭೂರಹಿತನಿಗೆ ಅದೇ ಬೆಲೆ ತಡೆಗೋಡೆಯಾಗುತ್ತದೆ.

ಆದ್ದರಿಂದ ಪ್ರಭುತ್ವವು ಮಾರುಕಟ್ಟೆಯಲ್ಲಿ ಮಧ್ಯಪ್ರವೇಶಿಸಬೇಕೆ ಎಂಬುದಕ್ಕಿಂತ, ಅದರ ಕಾಯ್ದೆಗಳು ಯಾರನ್ನು ಯಾವ ಬಲದೊಂದಿಗೆ ಮಾರುಕಟ್ಟೆಗೆ ಕಳುಹಿಸುತ್ತವೆ ಎಂಬುದೇ ಮೂಲಭೂತ ಪ್ರಶ್ನೆ. 1974ರಲ್ಲಿ ಆ ಬಲ ಗೇಣಿದಾರನಿಗೆ ದೊರೆಯಿತು; ಕೂಲಿಕಾರನ ಪಾಲು ಬಾಕಿಯಾಗಿಯೇ ಉಳಿದಿದೆ.